ಒಣಗಿದ್ದರೆ ರದ್ದಿ, ನೆಂದರೆ ಕಸ

ಯುಗಾದಿ ಕ್ಲೀನಿಂಗ್ ನೆಪದಲ್ಲಿ ಏಳೆಂಟು ತಿಂಗಳ ಪೇಪರನ್ನೆಲ್ಲ ಅಟ್ಟದಿಂದ ಇಳಿಸಿ ಗುಜರಿ ಅಂಗಡಿಗೆ ಒಯ್ದೆ. ಅಂಗಡಿಯವರು ಕಟ್ಟನ್ನು ತಕ್ಕಡಿಗೆ ಇಡುವ ಮೊದಲು ನಡುವಿನ ಪದರಕ್ಕೆ ಕೈ ತೂರಿಸಿ ಐದು ಸೆಕೆಂಡ್ ಸುಮ್ಮನೆ ನಿಂತರು, ನಾಡಿ ಹಿಡಿದ ಪಂಡಿತರ ಹಾಗೆ. ಯಾಕೆ ಅಂದೆ. "ತೇವ ಇದೆಯಾ ನೋಡ್ದೆ ಸಾರ್. ಕೆಲವ್ರು ತೂಕ ಬರ್ಲಿ ಅಂತ ನೀರು ಚಿಮುಕಿಸಿ ತರ್ತಾರೆ. ನಾನು ಹಾಗೇ ಕಳಿಸಿದ್ರೆ ಮಿಲ್ಲಲ್ಲಿ ಇಡೀ ಲೋಡಿಗೆ ಕಟ್ ಮಾಡ್ತಾರೆ."

ನಮ್ಮದು ಒಣಗಿತ್ತು. ಪೇಪರು 31 ಕೆಜಿ, ಕೆಜಿಗೆ 14 ರೂಪಾಯಿ. ರಟ್ಟು 9 ಕೆಜಿ, 8 ರೂಪಾಯಿ. ಮಗಳ ನೋಟ್‌ಬುಕ್ಕಿನ ಬಿಳಿ ಹಾಳೆಗೆ ಅವರ ಭಾಷೆಯಲ್ಲಿ 'ರೆಕಾರ್ಡ್' ಅಂತ ಹೆಸರು, ರೇಟೂ ಹೆಚ್ಚು. ಅದು 4 ಕೆಜಿ, 18 ರೂಪಾಯಿ. ಸ್ಪೈರಲ್ ತಂತಿ ನಾನೇ ಬಿಚ್ಚಿ ತಂದಿದ್ದಕ್ಕೆ ಶಹಬ್ಬಾಸ್ ಬೇರೆ ಸಿಕ್ಕಿತು.

ಕಾಗದದ ಮರುಬಳಕೆ ಅಂದ ತಕ್ಷಣ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಬರುತ್ತದಲ್ಲ, ಟನ್ನಿಗೆ 17 ಮರ ಉಳಿಯುತ್ತದೆ ಅಂತ. ಅದನ್ನು ನೋಡಿದಾಗಲೆಲ್ಲ ಯಾವ ಮರ ಅಂತ ಕೇಳಬೇಕೆನಿಸುತ್ತದೆ. ಅದು ಅಮೆರಿಕದ ಲೆಕ್ಕ. ನಮ್ಮ ಕಾರ್ಖಾನೆಗಳಿಗೆ ಈಗ ಹೋಗುವುದು ಹೆಚ್ಚಾಗಿ ನೀಲಗಿರಿ, ಗಾಳಿಮರ, ಸುಬಾಬುಲ್. ರೈತರು ಕಬ್ಬಿನ ಹಾಗೆ ಬೆಳೆದು, ನಾಲ್ಕೈದು ವರ್ಷಕ್ಕೆ ಕಡಿದು ಮಾರುವ ಬೆಳೆ ಅದು. ಅದನ್ನು ಕಾಡು ಉಳಿಯಿತು ಅಂತ ಬರೆದುಕೊಳ್ಳುವುದು ಸ್ವಲ್ಪ ಅತಿಯೇ.

ಹಾಗಂತ ಕಾಡಿಗೂ ಕಾಗದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ನಾನು ಉತ್ತರ ಕನ್ನಡದವನು, ಹಾಗೆ ಹೇಳಿದರೆ ಊರಿನವರು ಒಳಗೆ ಸೇರಿಸಲಿಕ್ಕಿಲ್ಲ. ಐವತ್ತರ ದಶಕದಲ್ಲಿ ದಾಂಡೇಲಿಗೆ ಕಾಗದ ಕಾರ್ಖಾನೆ ಬಂದಾಗ ಸರ್ಕಾರ ಅದಕ್ಕೆ ಕಾಡಿನ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ತೆರುತ್ತಿದ್ದ ಬೆಲೆ ಇದರ ನೂರಾರು ಪಟ್ಟು. ಹಿಂಡುಹಿಂಡಾಗಿ ಬಿದಿರು ಖಾಲಿಯಾಗುತ್ತ ಹೋಯಿತು. ಕಚ್ಚಾಮಾಲು ಪುಕ್ಕಟೆ ಸಿಕ್ಕರೆ ರದ್ದಿಯನ್ನು ಯಾರು ಕಣ್ಣೆತ್ತಿ ನೋಡುತ್ತಾರೆ? ಬಿದಿರಿನ ನಂತರದ ಸರದಿ ನೀಲಗಿರಿಯದು. ಬಯಲುಸೀಮೆಯ ಅಂತರ್ಜಲ ಹೀರುತ್ತದೆ ಅಂತ ದಶಕಗಳ ಕಾಲ ಜಗಳ ನಡೆದು, ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ನನ್ನ ಮಟ್ಟಿಗೆ ರದ್ದಿಯ ಬೆಲೆ ಇಲ್ಲಿದೆ: ಮರಕ್ಕಿಂತ ಹೆಚ್ಚಾಗಿ ನೀರು, ನೆಲ.

ಇನ್ನು ಮಿಲ್ಲಿನ ಒಳಗೆ. ಮರದಿಂದ ಕಾಗದ ಮಾಡಬೇಕಾದರೆ ಚಕ್ಕೆಯನ್ನು ರಾಸಾಯನಿಕ ಹಾಕಿ, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿ ಅದರ ಅಂಟನ್ನು ಕರಗಿಸಬೇಕು. ಅಷ್ಟೆಲ್ಲ ಮಾಡಿದರೂ ಕಟ್ಟಿಗೆಯ ತೂಕದ ಸುಮಾರು ಅರ್ಧವಷ್ಟೇ ನಾರಾಗಿ ಕೈಗೆ ಬರುತ್ತದೆ. ರದ್ದಿಗೆ ಆ ಅಡುಗೆ ಒಮ್ಮೆ ಆಗಿಹೋಗಿದೆ. ದೊಡ್ಡ ಮಿಕ್ಸಿಯಂಥ ಪಲ್ಪರಿನಲ್ಲಿ ನೀರಿನೊಂದಿಗೆ ತಿರುವಿದರೆ ಅಂಬಲಿ. ಪಿನ್ನು, ಟೇಪು, ಪ್ಲಾಸ್ಟಿಕ್ಕನ್ನು ಸೋಸುತ್ತಾರೆ. ಬಿಳಿ ಕಾಗದ ಬೇಕಾದರೆ ಸೋಪು ಹಾಕಿ ಗಾಳಿಗುಳ್ಳೆ ಬಿಡುತ್ತಾರೆ, ಶಾಯಿ ನೊರೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಬೇಳೆ ಕುದಿಯುವಾಗ ನಾವು ಸೌಟಿನಲ್ಲಿ ನೊರೆ ತೆಗೆಯುತ್ತೇವಲ್ಲ, ಹಾಗೆ ಅದನ್ನು ತೆಗೆದು ಬಿಸಾಡುತ್ತಾರೆ. ಆ ಶಾಯಿಯ ಕೆಸರನ್ನು ಎಲ್ಲಿಗೆ ಹಾಕುವುದು ಅನ್ನುವುದು ಬೇರೆಯೇ ತಲೆನೋವು, ಅದನ್ನು ಮುಚ್ಚಿಡಬಾರದು. ಆದರೂ ವಿದ್ಯುತ್ತು, ನೀರು ಎರಡೂ ಕಡಿಮೆ ಸಾಕು.

ಇದು ಅಕ್ಷಯಪಾತ್ರೆಯೇನೂ ಅಲ್ಲ. ಪ್ರತಿ ಸುತ್ತಿಗೂ ನಾರು ತುಂಡಾಗುತ್ತ ಹೋಗಿ, ಐದಾರು ಜನ್ಮದ ಹೊತ್ತಿಗೆ ಹಿಡಿತ ಕಳೆದುಕೊಳ್ಳುತ್ತದೆ. ನೋಟ್‌ಬುಕ್ಕು ಪೇಪರಾಗಿ, ಪೇಪರು ರಟ್ಟಾಗಿ, ಕೊನೆಗೆ ಮೊಟ್ಟೆ ಟ್ರೇ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮ ದೇಶದ ಮಿಲ್ಲುಗಳು ಪ್ರತಿ ವರ್ಷ ಲಕ್ಷಾಂತರ ಟನ್ ರದ್ದಿಯನ್ನು ಅಮೆರಿಕ, ಯುರೋಪಿನಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತವೆ. ಡಾಲರ್ ಕೊಟ್ಟು! ನಮ್ಮಲ್ಲಿ ಕಾಗದ ಇಲ್ಲ ಅಂತಲ್ಲ, ಅದು ನಿನ್ನೆಯ ಸಾಂಬಾರಿನ ಜೊತೆ ಬೆರೆತು ಬೆಂಗಳೂರಿನ ಕಸ ಸುರಿಯುವ ಮಿಟ್ಟಗಾನಹಳ್ಳಿಯ ಗುಂಡಿ ಸೇರುತ್ತಿದೆ. ಮಣ್ಣಿನಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಒಂದು ಟನ್ ಕಾಗದ ಗುಂಡಿಗೆ ಹೋದರೆ ಲಾರಿ ಬಾಡಿಗೆ ನಮ್ಮ ತೆರಿಗೆಯದು. ಅದೇ ಟನ್ನು ಒಣಗಿ ಗುಜರಿಗೆ ಹೋದರೆ ಆಯುವವರು, ವಿಂಗಡಿಸುವ ಹೆಂಗಸರು, ಅಂಗಡಿಯವರು, ಟೆಂಪೋದವರು, ಮಿಲ್ಲಿನವರು, ಇಷ್ಟು ಜನರ ಮನೆಯಲ್ಲಿ ಒಲೆ ಉರಿಯುತ್ತದೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿಗೆ ಎರಡು ಬುಟ್ಟಿ ಒಂದು ಚೀಲದ ನಿಯಮ ಮಾಡಿತು. ಒಣ ಕಸದ ಆ ಚೀಲ ನಮ್ಮ ಮನೆಯಲ್ಲೂ ಇದೆ. ಅದರೊಳಗೆ ಗ್ರೇವಿ ಮೆತ್ತಿದ ಪಾರ್ಸಲ್ ಡಬ್ಬ ಹಾಕಿ, ಉಳಿದ ಒಳ್ಳೆಯ ಕಾಗದವನ್ನೂ ಹಾಳು ಮಾಡುತ್ತಿದ್ದವನು ನಾನೇ. ಪೇಪರ್ ಕಪ್ಪು ಇನ್ನೊಂದು ಮೋಸ. ಹೆಸರು ಪೇಪರು, ಒಳಗೆ ಪ್ಲಾಸ್ಟಿಕ್ ಪೊರೆ. "ಅದು ಬ್ಯಾಡವೇ ಬ್ಯಾಡ" ಅಂತ ಅಂಗಡಿಯವರು ಮೊದಲೇ ಕೈ ಆಡಿಸಿಬಿಟ್ಟರು.

ಒಟ್ಟು 578 ರೂಪಾಯಿ ಎಣಿಸಿ ಕೊಟ್ಟರು. ಹೊರಡುವಾಗ ನನ್ನ ರಟ್ಟಿನ ರಾಶಿಯಿಂದ ಒಂದು ಪಿಜ್ಜಾ ಡಬ್ಬ ಎಳೆದರು. ನಾಚಿಕೆಯಾಯಿತು. ಅವರು ಬೈಯಲಿಲ್ಲ. ಎಣ್ಣೆ ಇಳಿದ ತಳವನ್ನು ಪರ್ರನೆ ಹರಿದು ಕಸದ ಬುಟ್ಟಿಗೆ ಎಸೆದು, ಮುಚ್ಚಳವನ್ನು ಎರಡೂ ಕಡೆ ತಿರುಗಿಸಿ ನೋಡಿ ಮತ್ತೆ ರಾಶಿಗೆ ಹಾಕಿದರು. "ಇದು ಚೆನ್ನಾಗೈತೆ ಸಾರ್."