ಸಂತೆಪೇಟೆಗೊಂದು ಹಗ್ಗದ ಕೌಂಟರ್ ಬೇಕು

ಹಾಸನದವರು ಐಐಟಿ ಕೇಳಿದರು, ಅದು ಧಾರವಾಡಕ್ಕೆ ಹೋಯಿತು. ವಿಮಾನ ನಿಲ್ದಾಣ ಕೇಳಿದರು, ಅದು ಬರ್ತಾ ಇದೆ, ಬರ್ತಾನೇ ಇದೆ. ಇನ್ನು ದೊಡ್ಡದು ಕೇಳುವುದು ಬೇಡ. ಸಣ್ಣದೊಂದು ಕೇಳೋಣ. ಸಂತೆಪೇಟೆಯಲ್ಲಿ ಒಂದು ಕಸ್ಟಮ್ಸ್ ಕೌಂಟರ್ ಕೊಡಲಿ. ಹಗ್ಗಕ್ಕೆ ಮಾತ್ರ.

ಸಮುದ್ರ ಇರುವುದು ಶಿರಾಡಿ ಘಾಟಿಯ ಆಚೆ, ಇಲ್ಲಿ ಕಸ್ಟಮ್ಸ್ ಯಾಕೆ ಅನ್ನಬಹುದು. ಯಾಕೆಂದರೆ ನಾವು ಹಗ್ಗ ಹಿಡಿದೇ ಬೆಳೆದವರು. ಎತ್ತು ಕಟ್ಟಿದ್ದೇವೆ, ಬಾವಿ ಸೇದಿದ್ದೇವೆ, ಆಲೂಗಡ್ಡೆ ಮೂಟೆ ಬಿಗಿದಿದ್ದೇವೆ, ವರ್ಷಕ್ಕೊಮ್ಮೆ ತೇರೂ ಎಳೆದಿದ್ದೇವೆ. ಆದರೂ ಹಗ್ಗ ಅಂದರೆ ಏನು ಅಂತ ನಮಗೆ ಗೊತ್ತಿಲ್ಲ. ಸುಂಕದ ಪುಸ್ತಕ ಓದಿದ ಮೇಲೆ ನನಗೆ ಇದು ಖಾತ್ರಿಯಾಗಿದೆ.

ಪುಸ್ತಕ ಸಾಮಾನ್ಯದ್ದಲ್ಲ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಭೂಮಿಯ ಮೇಲೆ ಮಾರಾಟವಾಗುವ ಸಾಮಾನಿಗೆಲ್ಲ ನಂಬರ್ ಕೊಟ್ಟಿದೆ. 1988ರಿಂದ ಜಾರಿಯಲ್ಲಿದೆ. 200ಕ್ಕೂ ಹೆಚ್ಚು ದೇಶ, ಪ್ರದೇಶಗಳು ಅದನ್ನೇ ಬಳಸುತ್ತವೆ. ಮೊದಲ 6 ಅಂಕಿ ಎಲ್ಲರಿಗೂ ಒಂದೇ. ಅಷ್ಟು ಸಾಲದು ಅಂತ ನಮ್ಮವರು ಇನ್ನೆರಡು ಸೇರಿಸಿ 8 ಮಾಡಿಕೊಂಡಿದ್ದಾರೆ. ಅದರಲ್ಲಿ ಹಗ್ಗದ ನಂಬರ್ 5607ರಿಂದ ಶುರುವಾಗುತ್ತದೆ. ಹುರಿ, ಹಗ್ಗ, ಮಿಣಿ, ಹೆಣೆದದ್ದು, ಹೆಣೆಯದ್ದು, ರಬ್ಬರ್ ಬಳಿದದ್ದು, ಪ್ಲಾಸ್ಟಿಕ್ ಹೊದಿಸಿದ್ದು, ಎಲ್ಲ ಅಲ್ಲೇ ಅಂತ ಬರೆದಿದೆ. ಇಷ್ಟು ಓದಿದವರು ಪುಸ್ತಕ ಮುಚ್ಚಿ ಕಾಫಿ ಕುಡಿಯಲು ಹೋಗುತ್ತಾರೆ. ನಾನು ಹೋಗಲಿಲ್ಲ, ಅದೇ ತಪ್ಪಾಯಿತು. ಮುಂದಕ್ಕೆ ಟಿಪ್ಪಣಿಗಳಿವೆ.

ಸಂತೆ ದಿನ ನಮ್ಮ ಕೌಂಟರ್‌ಗೆ ಬರುವ ಮೊದಲ ಗಿರಾಕಿ ಅರಸೀಕೆರೆ ಕಡೆಯ ಒಬ್ಬ ಯಜಮಾನರು ಅಂತ ಇಟ್ಟುಕೊಳ್ಳಿ. ಹೆಗಲ ಮೇಲೆ ತೆಂಗಿನ ನಾರಿನ ಸುರುಳಿ.

"ಇದೇನು ಯಜಮಾನ್ರೇ?"

"ಹಗ್ಗ ಸ್ವಾಮಿ."

"ಅದನ್ನ ನಾವು ಹೇಳ್ಬೇಕು. ಎಷ್ಟೆಳೇದು?"

"ಇದು ಮೂರೆಳೆ. ಈ ಕಡೇದು ಎರಡೆಳೆ."

"ಹಾಗಾದ್ರೆ ಇದು ಹಗ್ಗ. ಅದು ನೂಲು."

"ನೂಲಾ? ಇದ್ರಲ್ಲಿ ಹೋದ ಜಾತ್ರೇಲಿ ಹೋರಿ ಕಟ್ಟಿದ್ದೆ ಸ್ವಾಮಿ!"

"ಇರ್ಲಿ ಬಿಡಿ. ನೂಲಲ್ಲಿ ಕಟ್ಟಿದ್ರಿ."

ಅಧಿಕಾರಿ ತಮಾಷೆ ಮಾಡುತ್ತಿಲ್ಲ. ಜವಳಿ ವಿಭಾಗದ 3ನೇ ಟಿಪ್ಪಣಿ ಹೀಗೇ ಹೇಳುತ್ತದೆ. ತೆಂಗಿನ ನಾರು ಮೂರೆಳೆ ಅಥವಾ ಜಾಸ್ತಿ ಇದ್ದರೆ ಹಗ್ಗ. ಅದಕ್ಕಿಂತ ಕಡಿಮೆ ಇದ್ದರೆ ನೂಲು, ನಂಬರ್ 5308. ದಪ್ಪ ಕೇಳುವುದಿಲ್ಲ. ಎರಡೆಳೆಯನ್ನು ಹೆಬ್ಬೆರಳ ಗಾತ್ರಕ್ಕೆ ಹೊಸೆದು ತಂದರೂ ಅದು ನೂಲೇ. ಹೋರಿಗೆ ಈ ವಿಷಯ ಗೊತ್ತಾಗದಿರಲಿ ಅಷ್ಟೆ.

ತೆಂಗಿನ ನಾರಿಗೆ ಎಳೆ ಎಣಿಸುವವರು ಬೇರೆ ನಾರು ಬಂದ ಕೂಡಲೇ ತಕ್ಕಡಿ ತೆಗೆಯುತ್ತಾರೆ. ಅಳತೆಯ ಹೆಸರು ಡೆಸಿಟೆಕ್ಸ್. 10,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆಸಿಟೆಕ್ಸ್. ನೈಲಾನ್, ಪಾಲಿಯೆಸ್ಟರ್ ಜಾತಿಯದು 10,000 ದಾಟಿದರೆ ಹಗ್ಗ. ಅಂದರೆ ಮೀಟರ್‌ಗೆ ಒಂದು ಗ್ರಾಂಗಿಂತ ಜಾಸ್ತಿ ತೂಗಬೇಕು. ರೇಷ್ಮೆ ಸ್ವಲ್ಪ ಶ್ರೀಮಂತರ ಮನೆಯದು, ಅದಕ್ಕೆ 20,000 ದಾಟಬೇಕು. ಅಗಸೆ ನಾರಿನದು ಇನ್ನೂ ಮಜಾ. ಮೆರುಗು ಕೊಡದಿದ್ದರೆ ಅದಕ್ಕೂ 20,000 ದಾಟಬೇಕು. ಮೆರುಗು ಕೊಟ್ಟರೆ 1,429 ಇದ್ದರೆ ಸಾಕು. ಪಾಲಿಶ್ ಹಾಕಿದರೆ ಬೇಗ ಬಡ್ತಿ ಸಿಗುವುದು ಕಚೇರಿಗಳಲ್ಲಿ ಮಾತ್ರ ಅಂದುಕೊಂಡಿದ್ದೆ. 1,429 ಅಂದರೆ ಒಂದು ಕೆಜಿ ನೂಲು ಬಿಚ್ಚಿಕೊಂಡು ಹೊರಟರೆ ಹತ್ತಿರ ಹತ್ತಿರ 7 ಕಿಲೋಮೀಟರ್ ಹೋಗಬಹುದು, ಅಷ್ಟು ಸಣ್ಣದು. ಅದು ಹಗ್ಗ. ಯಜಮಾನರ ಹೆಗಲ ಮೇಲಿದ್ದದ್ದು ನೂಲು.

ಕುರಿ ಉಣ್ಣೆಗೆ ಮಾತ್ರ ಈ ಭಾಗ್ಯ ಇಲ್ಲ. ಉಣ್ಣೆಯ ನೂಲು ಎಷ್ಟೇ ದಪ್ಪವಾಗಲಿ, ತೂಕದ ಬಲದ ಮೇಲೆ ಹಗ್ಗವಾಗುವ ಹಾಗಿಲ್ಲ. ಒಳಗೊಂದು ಲೋಹದ ಎಳೆ ಸೇರಿಸಿ ಬಲಪಡಿಸಿದರೆ ಆಗಬಹುದು. ಕಾಗದದ ನೂಲಿಗೂ ಇದೇ ಕಾನೂನು. ಕುರಿಯನ್ನೂ ಕಾಗದವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಪುಣ್ಯಾತ್ಮರು ಯಾರೋ.

ಈ ತಕ್ಕಡಿಯೆಲ್ಲ ಹೊಸೆದದ್ದಕ್ಕೆ. ಹೆಣೆದ ಹಗ್ಗ ಬಂದರೆ ತೂಕ ನೋಡುವುದಿಲ್ಲ. ಆಗ ಅಧಿಕಾರಿ ಅದನ್ನು ಹಿಚುಕಿ ನೋಡಬೇಕು. ಯಾಕೆಂದರೆ ಹೆಣೆದದ್ದಕ್ಕೆ ಇನ್ನೊಂದು ಮನೆ ಇದೆ, 5808. ಅಲ್ಲಿರುವುದು ಅಲಂಕಾರದ ಪಟ್ಟಿ, ಕುಚ್ಚು, ಜೂಲು. ನಮ್ಮ ಹೆಣ್ಣುಮಕ್ಕಳ ಜಡೆಕುಚ್ಚಿನ ಬಂಧುಗಳು. ಬಿಗಿಯಾಗಿ, ಗಟ್ಟಿಯಾಗಿ ಹೆಣೆದಿದ್ದರೆ ಹಗ್ಗ, ಸಡಿಲವಾಗಿದ್ದರೆ ಅಲಂಕಾರ ಅಂತ ವಿವರಣೆಯ ಪುಸ್ತಕ ಹೇಳುತ್ತದೆ. ನೂಲಿಗೆ 1,429ರ ತನಕ ಲೆಕ್ಕ ಇಟ್ಟವರು ಬಿಗಿಗೆ ಒಂದು ಅಂಕಿಯನ್ನೂ ಕೊಟ್ಟಿಲ್ಲ. ಬೆರಳೇ ಪ್ರಮಾಣ. ಬೆಳಿಗ್ಗೆ ರಾಗಿಮುದ್ದೆ ಉಂಡು ಬಂದ ಅಧಿಕಾರಿ ಹಿಚುಕಿದರೆ ಸಡಿಲ, ಉಪವಾಸದವರು ಹಿಚುಕಿದರೆ ಬಿಗಿ.

ಜೊತೆಗೆ ಇನ್ನೊಂದು ಮಾತು ಇದೆ: ಹೆಣೆದ ಹಗ್ಗಕ್ಕೆ ಬಣ್ಣ ಇರುವುದಿಲ್ಲವಂತೆ. ಸಂತೆಪೇಟೆಯ ಯಾವ ಹಗ್ಗದಂಗಡಿಯ ಮುಂದೆ ಬೇಕಾದರೂ ನಿಂತು ನೋಡಿ. ನೀಲಿ, ಹಳದಿ, ಕೆಂಪು, ಗಿಳಿ ಹಸಿರು. ಬಣ್ಣದ ಹಗ್ಗ ತೂಗುಹಾಕಿದ ಅಂಗಡಿ ಮದುವೆ ಚಪ್ಪರದ ಹಾಗೆ ಕಾಣುತ್ತದೆ. ಪುಸ್ತಕದ ಪ್ರಕಾರ ಅದರಲ್ಲಿ ಹೆಣೆದದ್ದೆಲ್ಲ ಅನುಮಾನಾಸ್ಪದ.

ಪರೋಟ ರೊಟ್ಟಿಯಲ್ಲ, ಅದಕ್ಕೆ ಶೇ. 18 ಜಿಎಸ್‌ಟಿ ಅಂತ 2020ರಲ್ಲಿ ನಮ್ಮ ರಾಜ್ಯದ ಪ್ರಾಧಿಕಾರ ತೀರ್ಪು ಕೊಟ್ಟಾಗ ದೇಶವೆಲ್ಲ ನಕ್ಕಿತು. ನಕ್ಕವರು ಹಗ್ಗದ ಅಧ್ಯಾಯ ಓದಿರಲಿಲ್ಲ.

ಹಗ್ಗ ಹಗ್ಗವೇ ಅಂತ ತೀರ್ಮಾನವಾಯಿತು ಅನ್ನಿ. ಸುಮ್ನೆ ಸುರುಳಿಯಲ್ಲಿ ಇರುವ ತನಕ ಅದು 5607. ಅಳತೆಗೆ ಕತ್ತರಿಸಿ ತುದಿಗೆ ಕುಣಿಕೆ ಹಾಕಿದಿರೋ, ಕೊಕ್ಕೆ ಸಿಗಿಸಿದಿರೋ, 5609ಕ್ಕೆ ನೆಗೆಯುತ್ತದೆ. ಬಟ್ಟೆ ಒಣಹಾಕುವ ಹಗ್ಗ, ಕೆಟ್ಟ ಗಾಡಿ ಎಳೆಯುವ ಹಗ್ಗ, ಹಗ್ಗದ ಏಣಿ, ಎಲ್ಲ ಅಲ್ಲಿ. ಶೂ ಲೇಸು ಕೂಡ ಅಲ್ಲೇ, ಅದು ಹುರಿಯಿಂದ ಮಾಡಿದ್ದಾದರೆ. ಪಟ್ಟಿ ಹೆಣೆದು ಮಾಡಿದ್ದಾದರೆ 6307. ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಕಟ್ಟಿಕೊಂಡು ನಡೆದರೆ ಒಬ್ಬನೇ ಮನುಷ್ಯ ಎರಡು ಅಧ್ಯಾಯಗಳ ಮೇಲೆ ನಡೆಯಬಹುದು.

ಈಗ ಗೌಡರು ಬರುತ್ತಾರೆ. ಬೂಕನಬೆಟ್ಟದ ದನದ ಜಾತ್ರೆಗೆ ಹೊರಟವರು. ಕೈಯಲ್ಲಿ ಎತ್ತು ಹಿಡಿದು ನಡೆಸಲು ಸಿದ್ಧ ಮಾಡಿದ ಹಗ್ಗ.

"ಗೌಡ್ರೆ, ಇದು 4201. ಚರ್ಮದ ಸಾಮಾನಿನ ಅಧ್ಯಾಯ."

"ಇದ್ರಲ್ಲಿ ಚರ್ಮ ಎಲ್ಲದೆ? ಹತ್ತಿ ನೂಲಿಂದು."

"ಯಾವ ಪ್ರಾಣಿಗಾದ್ರೂ ಸರಿ, ಯಾವ ವಸ್ತುವಿನಿಂದ ಮಾಡಿದ್ರೂ ಸರಿ ಅಂತ ಬರ್ದಿದೆ."

ಬರೆದಿರುವುದು ನಿಜ. ಕುದುರೆಯ ಜೀನು, ಬಾಯಿಕುಕ್ಕೆ, ಪ್ರಾಣಿ ಹಿಡಿದು ನಡೆಸುವ ಹಗ್ಗ, ನಾಯಿಗೆ ತೊಡಿಸುವ ಕೋಟು, ಎಲ್ಲ ಒಂದೇ ನಂಬರ್. ಪಕ್ಕದ ಸಾಲು 4202ರಲ್ಲಿ ಸೂಟ್‌ಕೇಸು, ವ್ಯಾನಿಟಿ ಬ್ಯಾಗು. ನಮ್ಮ ಹಳ್ಳಿಕಾರ್ ಎತ್ತು ಇಷ್ಟು ದೊಡ್ಡವರ ನೆರೆಯಲ್ಲಿದೆ ಅಂತ ಗೌಡರಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಕೌಂಟರ್‌ನಲ್ಲಿ ನಿಜವಾದ ಗಲಾಟೆ ಆಗುವುದು ಸ್ಕಿಪ್ಪಿಂಗ್ ಹಗ್ಗಕ್ಕೆ. ಮಗು ಆಡಿದರೆ ಆಟಿಕೆ, 9503. ವ್ಯಾಯಾಮಕ್ಕೆ ಅಂತ ಮಾಡಿದ್ದಾದರೆ 9506. ಇದು ಬರೀ ನಂಬರಿನ ಜಗಳವಲ್ಲ, ದುಡ್ಡಿನದು. ಆಟಿಕೆಯ ಮೂಲ ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿಸಿದರು. 2023ರಲ್ಲಿ 70 ಮಾಡಿದರು. ಹಾಗಾಗಿ ಹೊರದೇಶದ ಹಗ್ಗದ ಮೇಲೆ ಮಗು ಕುಣಿದರೆ ದುಬಾರಿ, ಹೊಟ್ಟೆ ಕರಗಿಸಲು ಅಪ್ಪ ಕುಣಿದರೆ ಅಗ್ಗ. ಹಗ್ಗದ ಹಿಡಿಯ ಮೇಲೆ ಕರಡಿ ಚಿತ್ರ ಇದೆಯೋ ಇಲ್ಲವೋ ಅಂತ ಭೂತಗನ್ನಡಿ ಹಿಡಿದು ನೋಡುವ ಕೆಲಸವೂ ದೇಶಕ್ಕೆ ಬೇಕು, ಅಲ್ವಾ?

ಉಕ್ಕಿನ ಹಗ್ಗ 7312. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಅದು ಮೊಳೆಯ ಅಧ್ಯಾಯದಲ್ಲಿ ನೆಮ್ಮದಿಯಾಗಿದೆ.

ಇಷ್ಟೆಲ್ಲ ಆದ ಮೇಲೂ ಅಧಿಕಾರಿಗೆ ತೀರ್ಮಾನಕ್ಕೆ ಬರಲು ಆಗದಿದ್ದರೆ? ಅದಕ್ಕೂ ನಿಯಮ ಇದೆ. ಅರ್ಥ ಮಾಡಿಕೊಳ್ಳುವ ಸಾಮಾನ್ಯ ನಿಯಮಗಳು ಅಂತ 6 ಇವೆ. ಮೂರನೆಯದರಲ್ಲಿ ಮೆಟ್ಟಿಲುಗಳಿವೆ. ಮೊದಲು, ಯಾವ ನಂಬರ್ ಸಾಮಾನನ್ನು ಖಚಿತವಾಗಿ ಹೇಳುತ್ತದೆ ನೋಡು. ಆಗದಿದ್ದರೆ, ಸಾಮಾನಿನ ಮೂಲ ಗುಣ ಯಾವುದು ನೋಡು. ಅದೂ ಆಗದಿದ್ದರೆ, ಸಮಾನವಾಗಿ ಒಪ್ಪುವ ನಂಬರ್‌ಗಳಲ್ಲಿ ಪುಸ್ತಕದಲ್ಲಿ ಕೊನೆಗೆ ಬರುವುದನ್ನು ಹಾಕು. ನಾನು ಕಟ್ಟಿದ ಕಥೆಯಲ್ಲ ಇದು, ಕಾನೂನು. ಅಣ್ಣತಮ್ಮಂದಿರ ಪಾಲು ಪಂಚಾಯ್ತಿಯಲ್ಲಿ ಯಾರ ಆಧಾರ್ ನಂಬರ್ ದೊಡ್ಡದೋ ಅವರಿಗೆ ತೆಂಗಿನ ತೋಟ ಬರೆದುಕೊಟ್ಟ ಹಾಗೆ. ಆದರೆ ಪಂಚಾಯ್ತಿದಾರರು ಹೀಗೆ ಮಾಡಿದರೆ ಊರು ಬಿಟ್ಟು ಓಡಬೇಕಾಗುತ್ತದೆ, ಬ್ರಸೆಲ್ಸ್‌ನವರಿಗೆ ಆ ಭಯ ಇಲ್ಲ.

ನಂಬರ್ ಬೇಕು, ಒಪ್ಪುತ್ತೇನೆ. ಒಂದೊಂದು ಸಾಮಾನಿಗೆ ಒಂದೊಂದು ಸುಂಕ ಇರುವ ತನಕ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಇಲ್ಲದಿದ್ದರೆ ಜನ ಗೊಂಬೆಯನ್ನೂ ವ್ಯಾಯಾಮದ ಸಾಮಾನು ಅನ್ನುತ್ತಾರೆ. ಆದರೆ ಎಳೆ, ತೂಕ, ಮೆರುಗು, ಬಣ್ಣ, ಕುಣಿಕೆ ಇಷ್ಟನ್ನೂ ವಿಚಾರಿಸುವ ಪುಸ್ತಕ ಹಗ್ಗ ಕೊಳ್ಳುವವನು ಕೇಳುವ ಒಂದೇ ಪ್ರಶ್ನೆಯನ್ನು ಬಿಟ್ಟುಬಿಟ್ಟಿದೆ. ಸಂತೆಪೇಟೆಯಲ್ಲಿ ಯಾರೂ ಡೆಸಿಟೆಕ್ಸ್ ಕೇಳುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಜಗ್ಗಿ, "ತಡೀತದಾ?" ಅನ್ನುತ್ತಾರೆ. ತಡೆಯುವ ಹಗ್ಗಕ್ಕೂ ಹರಿಯುವ ಹಗ್ಗಕ್ಕೂ ಸುಂಕ ಒಂದೇ.

ಸುಂಕ ಅಂದೆ, ಅದರ ಲೆಕ್ಕವನ್ನೂ ಸ್ವಲ್ಪ ನೋಡಿ. ಹಗ್ಗದ ಬೆಲೆ, ಹಡಗಿನ ಬಾಡಿಗೆ, ವಿಮೆ ಸೇರಿ 100 ರೂಪಾಯಿ ಅನ್ನಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಮೂಲ ಸುಂಕ ಶೇ. 10 ಇಟ್ಟುಕೊಳ್ಳೋಣ. 10 ರೂಪಾಯಿ. ಆ 10 ರೂಪಾಯಿಯ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, 2018ರಲ್ಲಿ ಬಂದದ್ದು. 1 ರೂಪಾಯಿ. ಒಟ್ಟು 111. ಈಗ ಜಿಎಸ್‌ಟಿ ಶೇ. 5 ಅನ್ನಿ. ಅದು 100ರ ಮೇಲಲ್ಲ, 111ರ ಮೇಲೆ. 5 ರೂಪಾಯಿ 55 ಪೈಸೆ. ಕೊನೆಯ 55 ಪೈಸೆ ಹಗ್ಗಕ್ಕೆ ಹಾಕಿದ ತೆರಿಗೆಯಲ್ಲ, ತೆರಿಗೆಗೆ ಹಾಕಿದ ತೆರಿಗೆ. ಈ ತೆರಿಗೆಗೂ ಮೂರೆಳೆ ಇದೆ, ಬಿಗಿಯಾಗಿ ಹೆಣೆದಿದೆ. ಟಿಪ್ಪಣಿ ಪ್ರಕಾರ ಇದನ್ನೇ 5607ಕ್ಕೆ ಹಾಕಬಹುದು.

ಸಕಲೇಶಪುರ ಕಡೆ ನನಗೆ ಗೊತ್ತಿರುವ ಒಬ್ಬ ಕಾಫಿ ಬೆಳೆಗಾರರಿದ್ದಾರೆ. ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರಲು, ಆಳುಗಳು ಸಿಲ್ವರ್ ಓಕ್ ಹತ್ತಬೇಕು, ಸೊಂಟಕ್ಕೆ ಕಟ್ಟಲು ಗಟ್ಟಿ ಹಗ್ಗ ಇರಲಿ ಅಂತ ಹೊರದೇಶದಿಂದ ಹೆಣೆದ ನೈಲಾನ್ ಹಗ್ಗ ತರಿಸಿದರು. ಒಳ್ಳೆಯ ಯೋಚನೆ. ಹಗ್ಗ ಬಿಳಿ, ನಡುವೆ ಒಂದು ಕೆಂಪು ಎಳೆ, ಒಂದು ತುದಿಗೆ ಹೊಲಿದ ಕುಣಿಕೆ. ಮಾಲು ಬಂದರು ಮುಟ್ಟಿತು. 2011ರಿಂದ ಸುಂಕವನ್ನು ಆಮದು ಮಾಡಿಕೊಂಡವರೇ ಲೆಕ್ಕ ಹಾಕಿ ಘೋಷಿಸಬೇಕು. ಅಂದರೆ ಪರೀಕ್ಷೆ ಬರೆಯುವವರು ನಾವು, ತಪ್ಪಾದರೆ ದಂಡ ಕಟ್ಟುವವರೂ ನಾವು. ಅವರ ಬ್ರೋಕರ್ 5607 ಅಂತ ಬರೆದರು. ಕೆಂಪು ಎಳೆ ಯಾಕಿದೆ ಅಂತ ಪ್ರಶ್ನೆ ಬಂತು. ಉತ್ತರ ಕೊಟ್ಟರು. ಕುಣಿಕೆ ಇದೆಯಲ್ಲ ಅಂತ ಇನ್ನೊಂದು ಪ್ರಶ್ನೆ. ಸ್ಯಾಂಪಲ್ ಲ್ಯಾಬ್‌ಗೆ ಹೋಯಿತು. ಇತ್ತ ಗೋದಾಮಿನ ಬಾಡಿಗೆ ದಿನಾ ಏರುತ್ತಿತ್ತು, ಅದಕ್ಕೆ ಬಣ್ಣ, ಬಿಗಿ ಯಾವ ತಕರಾರೂ ಇರಲಿಲ್ಲ.

"ಸಾರ್, ಆ ಕುಣಿಕೆ ಕತ್ತರಿಸಿಬಿಡ್ಲಾ?" ಅಂತ ಬ್ರೋಕರ್ ಫೋನಿನಲ್ಲಿ ಕೇಳಿದರಂತೆ.

"ಅಯ್ಯೋ ಮಾರಾಯ, ಆಳು ನೇತಾಡೋದೇ ಆ ಕುಣಿಕೇಲಿ!"

ಕೊನೆಗೆ 5609 ಅಂತ ಇತ್ಯರ್ಥವಾಗಿ ಹಗ್ಗ ಘಾಟಿ ಹತ್ತಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಮರಗಸಿ ಆಗಲೇ ಮುಗಿದಿತ್ತು, ಸಂತೆಪೇಟೆಯಿಂದ ತಂದ ಹಳೇ ಥರದ ಹಗ್ಗದಲ್ಲಿ. ಹೊಸದನ್ನು ಏನು ಮಾಡಿದಿರಿ ಅಂತ ಮೊನ್ನೆ ಕೇಳಿದೆ. ಜಗುಲಿಯ ಉದ್ದಕ್ಕೂ ಕಟ್ಟಿದ್ದಾರಂತೆ, ಮನೆಯವರು ಒದ್ದೆ ಬಟ್ಟೆ ಹಾಕುತ್ತಾರಂತೆ. ನಂಬರ್ ಬದಲಾಯಿಸುವ ಅಗತ್ಯವೇ ಬೀಳಲಿಲ್ಲ. ಬಟ್ಟೆ ಒಣಹಾಕುವ ಹಗ್ಗವೂ 5609ರಲ್ಲೇ ಬರುತ್ತದೆ.