ಸಾಸಿವೆಯಷ್ಟು ಸಿಲಿಕಾನ್

ಈಗಷ್ಟೇ ಒಂದು ಟ್ರಾನ್ಸಿಸ್ಟರಿನ ತಲೆಯನ್ನು ಗರಗಸದಿಂದ ಕೊಯ್ದು ಬಂದು ಕುಳಿತಿದ್ದೇನೆ. ಬೆರಳ ಸಂದಿಯಲ್ಲೆಲ್ಲ ಲೋಹದ ಪುಡಿ. ಕಾಫಿ ಆರಿ ಕೆನೆ ಕಟ್ಟಿದೆ. ಸಿಟ್ಟು ಇಳಿದ ಮೇಲೆ ಬರೆದರೆ ಬರಹ ಸಭ್ಯವಾಗಿಬಿಡುತ್ತದೆ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ನನ್ನ ಹುಚ್ಚು ನಿಮಗೆಲ್ಲ ಗೊತ್ತಿರುವುದೇ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಹೊರಗಿನಿಂದ ಬರುವ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ದುಡಿದವನು. ನಿವೃತ್ತಿಯ ದಿನ ಕೊಟ್ಟ ಗೋಡೆ ಗಡಿಯಾರವನ್ನು ಒಂದೇ ವಾರದಲ್ಲಿ ಬಿಚ್ಚಿದವನು. ಅಂಥವನ ಮನೆಯಲ್ಲಿಯೇ, ಅಂಥವನ ಮೇಜಿನ ಮೇಲೆಯೇ ನಡೆದ ಕತೆ ಇದು. ಹಾಗಾಗಿ ಅರ್ಧ ಸಿಟ್ಟು ಯಾರ ಮೇಲೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಕ್ಕನ ಮೊಮ್ಮಗಳು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಯಂತ್ರ. ಎಲ್ಲರೂ ಮಾಡುವುದೇ. ಆದರೆ ಇವಳು ಪಂಪಿಗೆ ಬೇಕಾದ 12 ವೋಲ್ಟ್, 2 ಆಂಪಿಯರ್ ವಿದ್ಯುತ್ ಪೂರೈಕೆಯನ್ನು ಅಂಗಡಿಯ ಅಡಾಪ್ಟರ್‌ನಿಂದ ತೆಗೆದುಕೊಳ್ಳಲು ಒಪ್ಪಲಿಲ್ಲ. "ಅದನ್ನೂ ನಾನೇ ಮಾಡುತ್ತೇನೆ ತಾತ" ಎಂದಳು. ನನಗೆ ಎದೆ ತುಂಬಿ ಬಂತು. ಈ ಕಾಲದಲ್ಲಿ ಯಾರು ಟ್ರಾನ್ಸ್‌ಫಾರ್ಮರ್ ಹಿಡಿದು ಕೂರುತ್ತಾರೆ ಹೇಳಿ.

ಹಳೆಯ ಕಾಲದ ಗಟ್ಟಿ ವಿನ್ಯಾಸವನ್ನೇ ಆರಿಸಿಕೊಂಡಳು. 18 ವೋಲ್ಟ್, 4 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಅದರ ಏರಿಳಿತ ತಗ್ಗಿಸಲು 4700 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ವೋಲ್ಟೇಜ್ ನಿಯಂತ್ರಣಕ್ಕೆ 723 ಐಸಿ, ಅದರ ಹಿಂದೆ ನಮ್ಮ ದೇಶದ ಪ್ರತಿಯೊಂದು ಕಾಲೇಜಿನ ಪ್ರಯೋಗಾಲಯವೂ ಕಂಡಿರುವ ಪುಟ್ಟ ಟ್ರಾನ್ಸಿಸ್ಟರ್ ಎಸ್‌ಎಲ್‌100, ಭಾರ ಹೊರಲು 2ಎನ್3055. ಈ 3055 ಅನ್ನು ಅರಿಯದವರಿಗೆ ಎರಡು ಮಾತು. 1960ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊರತಂದ, ದೊಡ್ಡ ಕರೆಂಟನ್ನು ಹಿಡಿತದಲ್ಲಿಡುವ ಪವರ್ ಟ್ರಾನ್ಸಿಸ್ಟರ್. ಎರಡು ಕಿವಿಯ ಲೋಹದ ತಟ್ಟೆ, ಮೇಲೊಂದು ಟೋಪಿ. 60 ವೋಲ್ಟ್, 15 ಆಂಪಿಯರ್, 115 ವ್ಯಾಟ್. ಕತ್ತೆಯ ಹಾಗೆ: ಓಟ ಬಾರದು, ಹೊರೆಗೆ ಹೆದರದು.

ಅವಳ ಲೆಕ್ಕವನ್ನು ನಾನೇ ತಿದ್ದಿದ್ದೆ, ಅಂದರೆ ತಿದ್ದಲು ಏನೂ ಸಿಗಲಿಲ್ಲ. 18 ವೋಲ್ಟಿನ ಶಿಖರ ಇಪ್ಪತ್ತೈದೂವರೆ. ಬ್ರಿಡ್ಜಿನಲ್ಲಿ ಒಂದೂವರೆ ಹೋದರೆ 24. ಎರಡು ಆಂಪಿಯರ್ ಎಳೆದಾಗ ಕೆಪ್ಯಾಸಿಟರಿನಲ್ಲಿ ನಾಲ್ಕು ವೋಲ್ಟಿನಷ್ಟು ಏರಿಳಿತ, ಹಾಗಾಗಿ ಸರಾಸರಿ 22. ಹೊರಗೆ 12 ಬೇಕು, ಉಳಿದ 10 ವೋಲ್ಟ್ ಟ್ರಾನ್ಸಿಸ್ಟರಿನ ಪಾಲು. ಹತ್ತು ಎರಡಲೆ ಇಪ್ಪತ್ತು ವ್ಯಾಟ್. 115 ವ್ಯಾಟಿನ ಸಾಮಾನಿಗೆ 20 ವ್ಯಾಟ್! ಅದಕ್ಕೂ ಶಾಖ ಹೀರಿ ಹೊರಹಾಕುವ ಅಂಗೈಯಗಲದ ಹೀಟ್‌ಸಿಂಕ್, ನಡುವೆ ಕರೆಂಟು ತಾಗದಂತೆ ತಡೆಯುವ ಮೈಕಾ ಹಾಳೆ, ಬಿಳಿಯ ಪೇಸ್ಟ್, ಎಲ್ಲವನ್ನೂ ಶ್ರದ್ಧೆಯಿಂದ ಹಾಕಿದ್ದಳು.

ಮೊದಲನೆಯ ಟ್ರಾನ್ಸಿಸ್ಟರ್ ನಾಲ್ಕು ನಿಮಿಷ ಬದುಕಿತು. ಕರೆಂಟು ಒಳಬರುವ ಕಲೆಕ್ಟರ್ ಮತ್ತು ಹೊರಹೋಗುವ ಎಮಿಟರ್ ಒಂದಾಗಿ, ತಡೆಯಿಲ್ಲದ 24 ವೋಲ್ಟ್ ನೇರವಾಗಿ ಪಂಪಿಗೆ ನುಗ್ಗಿತು. ಎರಡನೆಯದೂ ಅದೇ ಅಂಗಡಿಯದು, ಅದು ಆರು ನಿಮಿಷ. ಮೂರನೆಯದು ನನ್ನ ಡ್ರಾಯರಿನದು. ಅದು ಐದು.

ಈಗ ಕೇಳಿ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಷ್ಟ್ರು ಹಾಳೆಯನ್ನು ಕಣ್ಣೆತ್ತಿಯೂ ನೋಡದೆ "ನಿನ್ನ ವಿನ್ಯಾಸವೇ ತಪ್ಪು, ರೆಡಿಮೇಡ್ ಅಡಾಪ್ಟರ್ ಹಾಕು" ಎಂದರಂತೆ. ಮಾರಿದ ಅಂಗಡಿಯವರು "ಮೈಕಾ ಸರಿಯಾಗಿ ಹಾಕಿರುವುದಿಲ್ಲಮ್ಮ, ಶಾರ್ಟ್ ಆಗಿದೆ" ಎಂದರಂತೆ. ಇನ್ನು ನಾನು? ಎರಡು ಭಾನುವಾರ ಅವಳನ್ನು ಎದುರು ಕೂರಿಸಿಕೊಂಡು "ಎಲ್ಲೋ ಸರ್ಕ್ಯೂಟು ತಾನೇ ತಾನಾಗಿ ಕಂಪಿಸುತ್ತಿದೆ, ಬೆಸುಗೆ ಸರಿಯಿಲ್ಲ, ಮೊದಲು ತಯಾರಕರ ಡೇಟಾಶೀಟ್ ಪೂರ್ತಿ ಓದು" ಎಂದು ಭಾಷಣ ಬಿಗಿದೆ. ಅವಳು ಒಂದು ಮಾತು ಹೇಳಿದ್ದಳು. "ತಾತ, ಟ್ರಾನ್ಸಿಸ್ಟರ್ ಸತ್ತಾಗ ಹೀಟ್‌ಸಿಂಕ್ ಉಗುರು ಬೆಚ್ಚಗೆ ಮಾತ್ರ ಇತ್ತು." ಆ ಒಂದು ವಾಕ್ಯದಲ್ಲಿ ರೋಗದ ಹೆಸರಿತ್ತು. ಹೊರಗಿನ ಲೋಹ ಬಿಸಿಯಾಗುವ ಮೊದಲೇ ಒಳಗಿನ ಸಿಲಿಕಾನ್ ಬೆಂದುಹೋಗಿದೆ ಎಂದರೆ ದೋಷ ಟೋಪಿಯ ಒಳಗಿದೆ. ಮೂವತ್ತೊಂದು ವರ್ಷದ ಅನುಭವಿಯ ಕಿವಿಗೆ ಅದು ಬೀಳಲಿಲ್ಲ. ಭಾಷಣದ ಅಮಲು ಅಂಥದ್ದು.

ಮೊನ್ನೆ ಅವಳು ನನಗೆ ಹೇಳದೆ, ತನ್ನ ಖರ್ಚಿನ ಹಣದಲ್ಲಿ, ತಯಾರಕರ ಅಧಿಕೃತ ವಿತರಕರಿಂದ ಒಂದೇ ಒಂದು 3055 ತರಿಸಿದಳು. ಅಂಗಡಿಯದಕ್ಕಿಂತ ಹಲವು ಪಟ್ಟು ಬೆಲೆ. ಅದೇ ಬೋರ್ಡು, ಅದೇ ಬೆಸುಗೆ, ಅದೇ ಮೈಕಾ. ಇಂದು ಬೆಳಿಗ್ಗೆಯಿಂದ ಎರಡು ಗಂಟೆ ಓಡಿದೆ. ಹೀಟ್‌ಸಿಂಕ್ ಮುಟ್ಟಿದರೆ ಕೈ ಸುಡುತ್ತದೆ. ಸುಡಲೇಬೇಕು! ಇಪ್ಪತ್ತು ವ್ಯಾಟ್ ಎಂದರೆ ಸುಮ್ಮನೆಯೇ? ಆ ಬಿಸಿಯನ್ನು ಮುಟ್ಟಿದ ಮೇಲೆ ನನಗೆ ಗರಗಸ ನೆನಪಾಯಿತು.

ಸತ್ತ ಒಂದನ್ನು ವೈಸ್‌ಗೆ ಕಚ್ಚಿಸಿ ಟೋಪಿ ಕೊಯ್ದೆ. ತೊಗರಿಬೇಳೆಯಷ್ಟಾದರೂ ಅಗಲ ಇರಬೇಕಾದ ಸಿಲಿಕಾನ್ ತುಣುಕು ಸಾಸಿವೆಯಷ್ಟಿತ್ತು. ಇಡೀ ಡಬ್ಬಿ ಖಾಲಿ ಮನೆ, ಮೂಲೆಯಲ್ಲಿ ಒಬ್ಬ ಬಾಡಿಗೆದಾರ. ಹೊರಗೆ ಮಾತ್ರ ದೊಡ್ಡ ಹೆಸರು, ದೊಡ್ಡ ಲಾಂಛನ. ಪುಟ್ಟ ತುಣುಕಿನಿಂದ ತಟ್ಟೆಗೆ ಶಾಖ ಹರಿಯಲು ದಾರಿಯೇ ಇಕ್ಕಟ್ಟು. ಅಸಲಿ 3055ರಲ್ಲಿ ಪ್ರತಿ ವ್ಯಾಟಿಗೆ ಒಂದೂವರೆ ಡಿಗ್ರಿಯಷ್ಟು ಏರಿಕೆ, 20 ವ್ಯಾಟಿಗೆ 30 ಡಿಗ್ರಿ. ಇದರಲ್ಲಿ ಎಷ್ಟು ಎಂದು ಯಾವ ಡೇಟಾಶೀಟೂ ಹೇಳುವುದಿಲ್ಲ, ಏಕೆಂದರೆ ಇದಕ್ಕೆ ಡೇಟಾಶೀಟೇ ಇಲ್ಲ. (ಇದನ್ನು ಓದಿ ಉತ್ಸಾಹ ಬಂದು ಸಿಕ್ಕಿದ್ದನ್ನೆಲ್ಲ ಕೊಯ್ಯಲು ಹೋಗಬೇಡಿ. ಟ್ರಾನ್ಸ್‌ಮಿಟರ್‌ಗಳಲ್ಲಿ ಬಳಸುವ ಕೆಲವು ಪವರ್ ಟ್ರಾನ್ಸಿಸ್ಟರ್‌ಗಳ ಒಳಗೆ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕಂಟಕ.)

ಕಳಪೆ ಸಾಮಾನು ಎಲ್ಲ ಕಾಲದಲ್ಲೂ ಇತ್ತು. ನನ್ನ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಪಳಗಿದವನ ಕೈಯಲ್ಲಿ ನಕಲಿ ಸಾಮಾನು ಸುಟ್ಟರೆ ಅವನು ಸಾಮಾನನ್ನು ಬೈಯುತ್ತಾನೆ. ಕಲಿಯುವ ಹುಡುಗಿಯ ಕೈಯಲ್ಲಿ ಸುಟ್ಟರೆ ಅವಳು ತನ್ನನ್ನು ತಾನು ಬೈದುಕೊಳ್ಳುತ್ತಾಳೆ. ಲೆಕ್ಕ ಸರಿಯಿದ್ದೂ ಫಲ ತಪ್ಪಾದರೆ ಇನ್ನು ಲೆಕ್ಕವನ್ನು ಏಕೆ ನಂಬಬೇಕು? ಓಮ್‌ನ ನಿಯಮದ ಮೇಲೆಯೇ ಅನುಮಾನ ಹುಟ್ಟುತ್ತದೆ. ಎರಡನೆಯ ಭಾನುವಾರ ನಮ್ಮ ಹುಡುಗಿ ಮೆಲ್ಲಗೆ ಕೇಳಿದಳು, "ನನಗೆ ಈ ವಿಷಯ ಹತ್ತುವುದಿಲ್ಲವೇನೋ ಅಲ್ಲವೇ ತಾತ?" ಮೂವತ್ತೈದು ರೂಪಾಯಿಯ ತಗಡು ಕಸಿದುಕೊಳ್ಳಲು ಹೊರಟದ್ದು ಅದನ್ನು.

ಗೊತ್ತು, ಈಗ ಕೆಲವರು ಬರುತ್ತೀರಿ. "ಮೂವತ್ತೈದು ರೂಪಾಯಿಗೆ ಇನ್ನೇನು ಬೇಕಿತ್ತು ಸ್ವಾಮಿ? ಅಗ್ಗದ ಸಾಮಾನು ಇರುವುದರಿಂದಲೇ ಬಡವರ ಮಕ್ಕಳು ಕಲಿಯುತ್ತಿದ್ದಾರೆ." ಅಗ್ಗಕ್ಕೆ ನಾನು ಎಂದೂ ಶತ್ರುವಲ್ಲ. ಕಲಿಯುವವರು ಬಳಸುವ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಅಗ್ಗದ ತದ್ರೂಪಿಗಳಲ್ಲಿ ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಎಂಬ ಚಿಪ್ ಇರುತ್ತದೆ, ಅದರ ಮೇಲೆ ಸಿಎಚ್340 ಎಂದೇ ಬರೆದಿರುತ್ತದೆ. ಬಡವನ ಮಗ, ಆದರೆ ತನ್ನ ಹೆಸರು ಹೇಳಿಕೊಂಡು ದುಡಿಯುತ್ತಾನೆ. ಈ ಸಾಸಿವೆ ತುಣುಕಿನ ಮೇಲೂ "3 ಆಂಪಿಯರ್, 10 ವ್ಯಾಟ್" ಎಂದು ಬರೆದು ಮಾರಲಿ, ನಾನೇ ಡಜನ್ ಕೊಳ್ಳುತ್ತೇನೆ. ಅಗ್ಗ ಬೇರೆ, ಮೋಸ ಬೇರೆ. ಇದು ಗೊತ್ತಿದ್ದೂ ಗೊತ್ತಿಲ್ಲದಂತೆ ವಾದಿಸುವವರ ಜೊತೆ ನನಗೆ ಮಾತಿಲ್ಲ.

ಇನ್ನೊಬ್ಬರು, "ವೋಲ್ಟೇಜ್ ಮಿತಿಮೀರಿದೊಡನೆ ಪೂರೈಕೆಯನ್ನೇ ಶಾರ್ಟ್ ಮಾಡಿ ಫ್ಯೂಸ್ ಹಾರಿಸುವ ಕ್ರೋಬಾರ್ ರಕ್ಷಣೆ ಹಾಕಿದ್ದರೆ ಪಂಪ್ ಉಳಿಯುತ್ತಿತ್ತು" ಎನ್ನುತ್ತೀರಿ. ನಿಜ. ಅದಕ್ಕೆ ಸ್ವಿಚ್ಚಿನಂತೆ ಬೇಕಾದ ಎಸ್‌ಸಿಆರ್ ಅನ್ನು ಯಾವ ಅಂಗಡಿಯಿಂದ ತರುವುದು ಎಂಬುದನ್ನೂ ತಿಳಿಸಿ.

ಏಟು ಯಾವಾಗಲೂ ಕೊನೆಯವನ ಬೆನ್ನಿಗೇ. 2014ರ ಅಕ್ಟೋಬರ್ ನೆನಪಿದೆಯೇ? ಯುಎಸ್‌ಬಿ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟಿನೊಂದಿಗೆ ಬಂದು, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ಬೋರ್ಡುಗಳು ಕಂಪ್ಯೂಟರಿನ ಕಣ್ಣಿಗೆ ಕಾಣದಾದವು. ಗದ್ದಲವಾದ ಮೇಲೆ ಅದನ್ನು ಹಿಂತೆಗೆದುಕೊಂಡರು ಎನ್ನಿ. ಕಂಪನಿಯ ಸಿಟ್ಟು ನ್ಯಾಯವೇ. ಆದರೆ ನಕಲು ಮಾಡಿದವನಿಗೆ ಏನಾಯಿತು? ಚಿಪ್ ಅಸಲಿಯೋ ನಕಲಿಯೋ ಎಂದು ತಿಳಿಯುವ ದಾರಿಯೇ ಇಲ್ಲದ ಹುಡುಗರು, ಬೆಸುಗೆ ಎಲ್ಲಿ ಬಿಟ್ಟಿದೆ ಎಂದು ರಾತ್ರಿಯೆಲ್ಲ ಭೂತಗನ್ನಡಿ ಹಿಡಿದು ಕೂತರು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯನ್ನು ನಾನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಟೌನ್‌ಹಾಲ್ ಹತ್ತಿರ ಬಸ್ಸಿಳಿದು ಆ ಸಂದಿಗಳಲ್ಲಿ ನುಗ್ಗಿಯೇ ನಾನು ಎಲೆಕ್ಟ್ರಾನಿಕ್ಸ್ ಕಲಿತದ್ದು. ಕೈಯಲ್ಲಿ ಹಿಡಿದು ನೋಡಿ "ಇದು ಬೇಡ ಸಾರ್, ನಿಮ್ಮ ಕೆಲಸಕ್ಕೆ ಆಗುವುದಿಲ್ಲ" ಎಂದು ತಾವೇ ವಾಪಸ್ ಇಡುವ ಅಂಗಡಿಯವರು ಅಲ್ಲಿ ಇಂದಿಗೂ ಇದ್ದಾರೆ. ರೆಸಿಸ್ಟರ್, ತಂತಿ, ಸ್ವಿಚ್, ಕನೆಕ್ಟರ್, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಈಗಲೂ ಅಲ್ಲಿಂದಲೇ ತರುತ್ತೇನೆ. ಶಾಖ, ಕರೆಂಟ್, ವೋಲ್ಟೇಜ್ ಹೊರುವ ಸಾಮಾನಿಗೆ ಮಾತ್ರ ಅಧಿಕೃತ ವಿತರಕರು. ಒಂದಕ್ಕಾಗಿ ತರಿಸಿದರೆ ಸಾಗಣೆ ಖರ್ಚು ಮೂಗಿಗಿಂತ ಮೂಗುತಿ ಭಾರ, ನಾಲ್ಕು ಜನ ಸೇರಿ ತರಿಸಿಕೊಳ್ಳಿ.

ಆನ್‌ಲೈನ್‌ನಲ್ಲಿ ಕೊಂಡರೆ ಬಚಾವ್ ಎಂದು ಯಾರೂ ಭ್ರಮಿಸಬೇಡಿ. 9900 ಮಿಲಿ ಆಂಪಿಯರ್ ಅವರ್ ಎಂದು ಹೊಳೆಯುವ ಅಕ್ಷರದಲ್ಲಿ ಬರೆದ 18650 ಬ್ಯಾಟರಿ ಸೆಲ್ ಅಲ್ಲಿ ರಾಶಿ ರಾಶಿ. ಆ ಗಾತ್ರದ ಒಳ್ಳೆಯ ಲಿಥಿಯಂ ಸೆಲ್ ಕೊಡುವುದು ಮೂರೂವರೆ ಸಾವಿರದ ಆಸುಪಾಸು. ತಕ್ಕಡಿಯಲ್ಲಿ ಇಟ್ಟು ನೋಡಿ, ಅಸಲಿ 45 ಗ್ರಾಂ ಹತ್ತಿರ ಇರುತ್ತದೆ, ಇವು ಹತ್ತಿಯಂತೆ ಹಗುರ. ಎಲ್‌ಎಂ2596 ಎಂದು ಬರೆದ ವೋಲ್ಟೇಜ್ ಇಳಿಸುವ ನೀಲಿ ಬಕ್ ಕನ್ವರ್ಟರ್ ಬೋರ್ಡುಗಳದ್ದೂ ಅದೇ ಹಾಡು. ಆ ಚಿಪ್ 150 ಕಿಲೋಹರ್ಟ್ಸ್‌ನಲ್ಲಿ ಓಡಬೇಕು. ನನ್ನ ಬಳಿಯಿದ್ದ ಬೋರ್ಡಿಗೆ ಆಸಿಲೋಸ್ಕೋಪ್ ಹಿಡಿದರೆ 50 ಚಿಲ್ಲರೆ! ಬೇರಾವುದೋ ಹಳೆಯ ಚಿಪ್ಪಿಗೆ ಹೊಸ ಹೆಸರು ಕೆತ್ತಿದ್ದಾರೆ. ಇನ್ನು ಕೆಪ್ಯಾಸಿಟರಿನ ದೊಡ್ಡ ಡಬ್ಬಿಯೊಳಗೆ ಸಣ್ಣ ಕೆಪ್ಯಾಸಿಟರ್ ಇಟ್ಟು ಮುಚ್ಚುವ ಕಲೆ ಬೇರೆ. ಬಸುರಿಯಲ್ಲದ ಬಸುರಿ. 4700 ಎಂದು ನಂಬಿದ್ದು 2200 ಆಗಿದ್ದರೆ ನಾಲ್ಕು ವೋಲ್ಟಿನ ಏರಿಳಿತ ಒಂಬತ್ತಾಗುತ್ತದೆ. ಆಂಪ್ಲಿಫೈಯರ್ ಗುಂಯ್ ಎನ್ನುತ್ತದೆ. ಕಟ್ಟಿದವನು ಅರ್ಥಿಂಗ್ ಸರಿಯಿಲ್ಲವೇನೋ ಎಂದು ತಿಂಗಳುಗಟ್ಟಲೆ ತಂತಿ ಬದಲಿಸುತ್ತಾನೆ. ನೋಡಿದಿರಾ, ಇಲ್ಲಿಯೂ ಬೈಸಿಕೊಳ್ಳುವವನು ಅವನೇ.

ಅಂಗೈಯಗಲದ ಅಗ್ಗದ ಟೆಸ್ಟರ್ ಇದೆಯಲ್ಲ ಎನ್ನಬೇಡಿ. ಅದು ಕೆಲವೇ ಮಿಲಿ ಆಂಪಿಯರ್ ಹರಿಸಿ ನೋಡುತ್ತದೆ. ಸಾಸಿವೆಗೂ ಅದು "ಎನ್‌ಪಿಎನ್ ಟ್ರಾನ್ಸಿಸ್ಟರ್, ಸರಿಯಿದೆ" ಎಂದೇ ತೀರ್ಪು ಕೊಟ್ಟಿತು. ಅಸಿಟೋನ್ ಅದ್ದಿದ ಹತ್ತಿಯಿಂದ ಐಸಿಯ ಬೆನ್ನು ಉಜ್ಜಿದರೆ ಕೆಲವೊಮ್ಮೆ ಮರುಬಣ್ಣ ಕಿತ್ತುಬರುತ್ತದೆ, ಲೇಸರ್‌ನಲ್ಲಿ ಕೆತ್ತಿದ್ದರೆ ಅದೂ ಇಲ್ಲ. ಪವರ್ ಟ್ರಾನ್ಸಿಸ್ಟರ್ ಆದರೆ ಎರಡು ತಂದು ಒಂದನ್ನು ಹೀಟ್‌ಸಿಂಕಿಗೆ ಕಟ್ಟಿ, 10 ವೋಲ್ಟ್, 2 ಆಂಪಿಯರ್ ಹರಿಸಿ, ಕಾಲು ಗಂಟೆ ಬಿಡಿ. ಹೀಟ್‌ಸಿಂಕ್ ತಣ್ಣಗಿದ್ದು ಟ್ರಾನ್ಸಿಸ್ಟರ್ ಸತ್ತರೆ ಏನರ್ಥ ಎಂದು ಈಗ ನಿಮಗೂ ಗೊತ್ತು, ನನಗೂ ಗೊತ್ತು. ಹುಡುಗಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಇನ್ನು ಆ ಮೂರನೆಯ ಟ್ರಾನ್ಸಿಸ್ಟರ್.

2011ರಲ್ಲಿ ಆಂಪ್ಲಿಫೈಯರ್‌ಗೆಂದು ಹತ್ತು 3055 ತಂದಿದ್ದೆ. ಮೂರು ಸುಟ್ಟವು. ಅನುಮಾನ ಬಂದು ಸುಡದ ಒಂದನ್ನು ಕೊಯ್ದು ನೋಡಿದ್ದೆ. ಹೌದು, ಆಗಲೇ. ಒಳಗಿನ ಸಾಸಿವೆಯನ್ನು ನಾನು ಹಿಂದೆಯೇ ನೋಡಿದ್ದೆ. ಉಳಿದ ಆರನ್ನು ಎಸೆದೆನೇ? ಇಲ್ಲ. ದುಡ್ಡು ಕೊಟ್ಟು ತಂದದ್ದಲ್ಲವೇ, ಯಾವುದಾದರೂ ಸಣ್ಣ ಕೆಲಸಕ್ಕೆ ಬಂದೀತು ಎಂದು ಪೊಟ್ಟಣ ಕಟ್ಟಿ ಡ್ರಾಯರಿನ ಮೂಲೆಗೆ ಇಟ್ಟೆ. ಪೊಟ್ಟಣದ ಮೇಲೆ ಒಂದು ಗುರುತನ್ನೂ ಹಾಕಲಿಲ್ಲ. ಕಾರ್ಖಾನೆಯಲ್ಲಿ ತಿರಸ್ಕೃತ ಸಾಮಾನಿಗೆ ಕೆಂಪು ಪೆಟ್ಟಿಗೆ, ನನ್ನ ಸಹಿ, ನನ್ನ ಎದುರಿಗೇ ಪುಡಿ ಮಾಡಬೇಕು, ಒಂದು ಕಡಿಮೆಯಾದರೂ ನಾನು ಕುಣಿದಾಡುತ್ತಿದ್ದೆ. ಮನೆಗೆ ಬಂದರೆ ಜುಗ್ಗ.

ಅದೇ ಪೊಟ್ಟಣದಿಂದ ತೆಗೆದು ಅವಳಿಗೆ ಕೊಟ್ಟೆ. ಕೊಡುವಾಗ ನೆನಪಿರಲಿಲ್ಲವೇ? ನೆನಪಿರಲಿಲ್ಲ ಎಂದೇ ಹೆಂಡತಿಗೆ ಹೇಳಿದ್ದೇನೆ. ಅದು ಐದು ನಿಮಿಷದಲ್ಲಿ ಸುಟ್ಟಾಗ ನಾನು ಹೇಳಿದ್ದೇನು ಗೊತ್ತೇ? "ನೋಡು, ನನ್ನ ಡ್ರಾಯರಿನ ಟ್ರಾನ್ಸಿಸ್ಟರೂ ಸುಟ್ಟಿತು ಎಂದ ಮೇಲೆ ತಪ್ಪು ನಿನ್ನ ಸರ್ಕ್ಯೂಟಿನದೇ." ಅಂಗಡಿಯವನು ತಪ್ಪನ್ನು ಮೈಕಾದ ಮೇಲೆ ಹಾಕಿದ, ನಾನು ಹುಡುಗಿಯ ಮೇಲೆಯೇ ಹಾಕಿದೆ.

ಇವತ್ತು ಕೊಯ್ದದ್ದು ಆ ಮೂರನೆಯದನ್ನೇ. ಅವಳು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ, ಅಳಲೂ ಇಲ್ಲ. "ಇನ್ನೂ ಎಷ್ಟು ಉಳಿದಿವೆ ತಾತ?" ಎಂದಷ್ಟೇ ಕೇಳಿದಳು. ಐದು. ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಐದನ್ನೂ ಸುತ್ತಿಗೆಯಿಂದ ಚಚ್ಚಿದೆವು. ಕೊಯ್ದದ್ದನ್ನು ಮಾತ್ರ ವರದಿಯಲ್ಲಿ ಚಿತ್ರ ಹಾಕಲು ಬೇಕು ಎಂದು ತೆಗೆದಿಟ್ಟುಕೊಂಡಳು.

ಒಳಗೆ ಬಂದು ಬೋರ್ಡಿಗೆ ಒಂದು ಕಿಲೋಓಮ್ ರೆಸಿಸ್ಟರ್ ಬೇಕು ಎಂದಳು. ಡ್ರಾಯರಿನಿಂದ ತೆಗೆದು ಕೊಟ್ಟೆ. ಒಂದು ಕಿಲೋಓಮ್ ಎನ್ನುವ ಕಂದು, ಕಪ್ಪು, ಕೆಂಪು ಪಟ್ಟಿಗಳು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದವು. ಆದರೂ ಮೀಟರ್ ತೆಗೆದು, ಎರಡೂ ತುದಿಗೆ ಹಿಡಿದು, ಅಂಕಿ ನೋಡಿ, ಆಮೇಲೆಯೇ ಬೆಸುಗೆಗೆ ಇಟ್ಟಳು. ನಾನು ಏನೂ ಅನ್ನಲಿಲ್ಲ.