ಸಂಬಳದ ಚೀಟಿಯಲ್ಲಿ ಎರಡು ಗೀಟು

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದ ಹೊಸತರಲ್ಲಿ ವಿಳಾಸ ನೋಂದಾಯಿಸಲು ಕಚೇರಿಗೆ ಹೋಗಿದ್ದೆ. ಫಾರ್ಮಿನಲ್ಲಿ ಧರ್ಮದ ಕಾಲಂ ಇತ್ತು. ದಾವಣಗೆರೆಯವನ ಅಭ್ಯಾಸ ನೋಡಿ, ಧರ್ಮ ತುಂಬಿದ ಮೇಲೆ ಜಾತಿ ಎಲ್ಲಿ ಬರೆಯಬೇಕು ಅಂತ ಹುಡುಕಿದೆ. ಮುಂದಿನ ತಿಂಗಳು ಸಂಬಳದ ಚೀಟಿ ಬಂತು. ಧರ್ಮದ ಜಾಗದಲ್ಲಿ ಎರಡು ಸಣ್ಣ ಗೀಟು. ತೆರಿಗೆಯ ಲೆಕ್ಕಕ್ಕೆ ನಾನು ಯಾವುದಕ್ಕೂ ಸೇರದವನು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಅಯ್ಯೋ, ಒಂದೇ ತಿಂಗಳಿಗೆ ಕುಲ ಕಳದ್ಬಿಟ್ರಲ್ಲೋ" ಅಂತ ನಕ್ಕಳು.

ಇಲ್ಲಿ ಚರ್ಚಿನ ಸದಸ್ಯರಿಂದ ಸರಕಾರವೇ ಚರ್ಚ್ ತೆರಿಗೆ ಹಿಡಿದುಕೊಡುತ್ತದೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಆದಾಯ ತೆರಿಗೆಯ ಶೇ. 8, ಬವೇರಿಯಾದಲ್ಲೂ ಅಷ್ಟೇ, ಉಳಿದ ಕಡೆ ಶೇ. 9. ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಕಟ್ಟುವವನು ಚರ್ಚಿಗೆ ಅಂತ ಇನ್ನೂ 480 ಯೂರೋ ಕಟ್ಟುತ್ತಾನೆ. ಬೇಡವಾದರೆ ಚರ್ಚಿಗೆ ಹೋಗಿ ಜಗಳ ಮಾಡಬೇಕಿಲ್ಲ. ಸ್ಟುಟ್‌ಗಾರ್ಟಿನಲ್ಲಿ ಜನನ, ಮದುವೆ ದಾಖಲು ಮಾಡುವ ಸರಕಾರಿ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ, ಸಹಿ ಹಾಕಿದರೆ ಮುಗಿಯಿತು. 2022ರಲ್ಲಿ ಕ್ಯಾಥೊಲಿಕ್ ಚರ್ಚ್ ಒಂದನ್ನೇ 5 ಲಕ್ಷ 22 ಸಾವಿರಕ್ಕೂ ಹೆಚ್ಚು ಜನ ಹೀಗೆ ಬಿಟ್ಟರು.

ಎಲ್ಲರೂ ದುಡ್ಡಿಗಾಗಿ ಬಿಟ್ಟರು ಅನ್ನುವುದು ತಪ್ಪು. 2018ರಲ್ಲಿ ಒಂದು ವರದಿ ಬಂತು. ಚರ್ಚಿನವರೇ ಮಾಡಿಸಿದ್ದು. 1946ರಿಂದ 2014ರವರೆಗೆ 3,677 ಮಕ್ಕಳು, ಹದಿಹರೆಯದವರು ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಲೆಕ್ಕ ಅದರಲ್ಲಿತ್ತು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಅದನ್ನು ಓದಿದ ಮೇಲೆ ಹೋಗಿ ಸಹಿ ಹಾಕಿದಳು. ಈಗಲೂ ಕ್ರಿಸ್ಮಸ್ ಸಂಜೆ ತಾಯಿಯ ಕೈ ಹಿಡಿದುಕೊಂಡು ಅದೇ ಚರ್ಚಿಗೆ ಹೋಗುತ್ತಾಳೆ.

ಇನ್ನು ನಮ್ಮೂರಿನ ವಿಷಯ. ನಮ್ಮ ಕಡೆ ಹುಡುಗರು ಮಠ ಬಿಟ್ಟಿದ್ದಾರೆ ಅಂದರೆ ಯಾರೂ ಒಪ್ಪುವುದಿಲ್ಲ. "ಜಾತ್ರೇಲಿ ಕಾಲಿಡೋಕೆ ಜಾಗ ಇರಲ್ಲ, ನೀನೆಲ್ಲೋ ಕೂತ್ಕಂಡು ಹೇಳ್ತೀಯ" ಅಂತಾರೆ. ನಿಜ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ದಾವಣಗೆರೆಯಲ್ಲಿ ನೆಂಟರಿಲ್ಲದ ಮನೆ ಇರುವುದಿಲ್ಲ. ನಾಯಕನಹಟ್ಟಿ ತೇರಿಗೂ ಹುಡುಗರ ದಂಡೇ ಹೋಗುತ್ತದೆ. ಆದರೆ ಜಾತ್ರೆ ಬೇರೆ, ಸಂಸ್ಥೆ ಬೇರೆ ಅಲ್ವಾ? ತೇರು ಎಳೆಯಲು ಬಂದವನು ಮರುದಿನ ಪ್ರವಚನಕ್ಕೆ ಬಂದನಾ ಅಂತ ಎಣಿಸಿದವರಿಲ್ಲ. ಜರ್ಮನಿಯಲ್ಲಿ ಬಿಟ್ಟವರ ಲೆಕ್ಕ ವರ್ಷವರ್ಷ ಬರುತ್ತದೆ. ನಮ್ಮಲ್ಲಿ 2011ರ ಜನಗಣತಿಯ 121 ಕೋಟಿ ಜನರಲ್ಲಿ ಧರ್ಮ ಹೇಳದವರು 29 ಲಕ್ಷದ ಹತ್ತಿರ, ಅಷ್ಟೇ. ಸುಮ್ನೆ ದೂರ ಸರಿದವರು ಯಾವ ಕಾಲಂನಲ್ಲೂ ಸಿಗುವುದಿಲ್ಲ.

ನಮ್ಮಪ್ಪ ಮಠದ ಹಾಸ್ಟೆಲಿನಲ್ಲಿ ಇದ್ದು ಓದಿದವರು. ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೇ ತಾಪತ್ರಯ. ಮಠ ಮುದ್ದೆ ಹಾಕಿತು, ಅಕ್ಷರ ಕಲಿಸಿತು. ಸಾಯುವವರೆಗೂ ಅಪ್ಪ ಆ ದಿಕ್ಕಿಗೆ ಕಾಲು ಚಾಚಿ ಮಲಗಲಿಲ್ಲ. ಅದು ಬರೀ ಭಕ್ತಿ ಅಲ್ಲ, ಉಂಡ ಅನ್ನದ ಋಣ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲ ಸ್ವಾಮಿಗಳ ಮುಂದೆ ತೀರುತ್ತಿತ್ತು. ಸಿರಿಗೆರೆಯಲ್ಲಿ ಇವತ್ತಿಗೂ ಸೋಮವಾರ ನ್ಯಾಯಪೀಠಕ್ಕೆ ಜನ ಬರುತ್ತಾರೆ. ಅಲ್ಲಿ ಕೆಲಸ ಆಗುತ್ತದೆ, ಅದಕ್ಕೇ ಬರುತ್ತಾರೆ.

ಅದೇ ಅಪ್ಪನ ಮೊಮ್ಮಗಳಿಗೆ ಇಂಜಿನಿಯರಿಂಗ್ ಸೀಟು ಬೇಕಾದಾಗ ಒಂದು ಮಠದ ಕಾಲೇಜಿಗೆ ಹೋದೆವು. ಕಚೇರಿಯವರು ಮರ್ಯಾದೆಯಿಂದಲೇ ಕೂರಿಸಿ, ಕಾಫಿ ಕೊಟ್ಟು, ಮೊತ್ತ ಹೇಳಿದರು. ಅಜ್ಜನಿಗೆ ಮುದ್ದೆ, ಮೊಮ್ಮಗಳಿಗೆ ರಸೀದಿ. ಕಾಲೇಜು ನಡೆಸಲು ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಫೀ ಕಟ್ಟಿಸಿಕೊಂಡವರ ಮೇಲೆ ಋಣ ಹುಟ್ಟುವುದಿಲ್ಲ. ನಮ್ಮ ಹುಡುಗರು ದೂರವಾಗಿದ್ದಕ್ಕೆ ಮೊಬೈಲು, ಪಾಶ್ಚಾತ್ಯ ಪ್ರಭಾವ ಅಂತ ವೇದಿಕೆ ಮೇಲೆ ಬೈಯುವವರು ಈ ರಸೀದಿ ಪುಸ್ತಕ ಒಮ್ಮೆ ತೆರೆದು ನೋಡಬೇಕು. ಆ ವೇದಿಕೆ ಕತೆಯೂ ಅಷ್ಟೇ. ಮುಂದಿನ ಸಾಲು ರಾಜಕಾರಣಿಗಳಿಗೆ, ಎರಡು ಗಂಟೆ ಹಾರ ತುರಾಯಿ, ಕೊನೆಗೆ ಹತ್ತು ನಿಮಿಷ ಆಶೀರ್ವಚನ. 12ನೇ ಶತಮಾನದ ಶರಣರು ದೇವರನ್ನು ಅಂಗೈಗೆ ತಂದು, ನಡುವೆ ಯಾರೂ ಬೇಡ ಅಂದರು. ಅವರ ಹೆಸರಿನಲ್ಲೇ ಇಷ್ಟೊಂದು ಶಾಮಿಯಾನ!

ಇನ್ನೊಂದು ಕಾರಣ ಜಾತಿ. ಚಿತ್ರದುರ್ಗ, ಹರಿಹರ, ಹೊಸದುರ್ಗದ ಸುತ್ತ ಹೆಚ್ಚುಕಮ್ಮಿ ಒಂದೊಂದು ಸಮುದಾಯಕ್ಕೆ ಒಂದೊಂದು ಗುರುಪೀಠ. ತುಳಿಸಿಕೊಂಡವರಿಗೆ ಅದರಿಂದ ದನಿ ಬಂತು, ಹಾಸ್ಟೆಲು ಬಂತು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಸೀಟಿನ ಕತೆಯ ಆ ಹುಡುಗಿ, ನನ್ನ ಅಣ್ಣನ ಮಗಳು, ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಳು. ಅವಳ ಮಠಕ್ಕೆ ಹೋಗುವುದಾ, ಅವನದಕ್ಕಾ? 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ 30 ದಿನದ ನೋಟಿಸು ಹಾಕಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿದರು. ಜರ್ಮನಿಯವರು ಚರ್ಚು ಬಿಡಲು ಹೋಗುವುದೂ ಹೆಚ್ಚುಕಮ್ಮಿ ಅಂಥದೇ ಕಚೇರಿಗೆ. ಇವಳು ಬಿಟ್ಟದ್ದು ಏನನ್ನು ಅಂತ ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ. ಮದುವೆಯಾದ ಮೇಲೆ ಇಬ್ಬರೂ ನೇರ ದುಗ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿದರು.

ಹೋದ ಸಲ ಊರಿಗೆ ಹೋದಾಗ ಅಕ್ಕನ ಮಗನ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಈ ಜರ್ಮನಿ ಫಾರ್ಮಿನ ಕತೆ ಹೇಳಿದೆ. ಅವನಿಗೆ 22 ವರ್ಷ.

"ನಮ್ಮಲ್ಲೂ ಅಂಥ ಫಾರ್ಮ್ ಇದ್ದಿದ್ರೆ ಸಹಿ ಹಾಕ್ತಿದ್ಯೇನೋ?" ಅಂತ ಕೇಳಿದೆ.

ಮೆಣಸಿನಕಾಯಿ ಕಚ್ಚಿ, ಸ್ವಲ್ಪ ಯೋಚನೆ ಮಾಡಿ, "ಆಮೇಲೆ ಜಾತ್ರೆಗೆ ಬಿಡ್ತಾರಾ ಮಾಮ?" ಅಂದ.

ಕ್ರಿಸ್ಮಸ್ ಸಂಜೆಯ ಆ ಹುಡುಗಿ ನೆನಪಾದಳು. "ಬಾಗಿಲಲ್ಲಿ ನಿಂತು ಯಾರೂ ಕೇಳಲ್ಲಪ್ಪ" ಅಂದೆ.

"ಹಂಗಾದ್ರೆ ಫಾರ್ಮ್ ಯಾಕ್ ಮಾಮ, ಈಗ ಇರೋದೂ ಹಂಗೇ ಅಲ್ವಾ" ಅಂದು ಇನ್ನೊಂದು ಪ್ಲೇಟ್ ಹೇಳಿದ.